ಸಿರೋಸಿಸ್ ಜೊತೆ ಆರು ವರ್ಷ: ಹೊಟ್ಟೆಯ ನೀರಿನಿಂದ ಲಿವರ್ ಕಸಿಯವರೆಗೆ

ನಮ್ಮ ಯಜಮಾನರಿಗೆ ಲಿವರ್ ಕಸಿ ಆಗಿ ಕೆಲವು ತಿಂಗಳು ಕಳೆದಿವೆ. ಮೈದುನ ತನ್ನ ಲಿವರಿನ ಒಂದು ಭಾಗ ಕೊಟ್ಟ. ಇಬ್ಬರೂ ಈಗ ಓಡಾಡಿಕೊಂಡಿದ್ದಾರೆ. ಅದಕ್ಕೆ ಹಿಂದಿನ ಆರು ವರ್ಷ ಸಿರೋಸಿಸ್, ಅಂದರೆ ಗಾಯದ ಕಲೆಗಳಿಂದ ಲಿವರ್ ಗಟ್ಟಿಯಾಗುವ ಕಾಯಿಲೆ, ನಮ್ಮ ಮನೆಯಲ್ಲೇ ಇತ್ತು. ಆಸ್ಪತ್ರೆಯ ಹೊರಾಂಗಣದಲ್ಲಿ ದಪ್ಪ ಫೈಲು ಹಿಡಿದು, ಏನು ನಡೆಯುತ್ತಿದೆ ಎಂದು ತಿಳಿಯದೆ ಕುಳಿತಿದ್ದ ಎಷ್ಟೋ ಕುಟುಂಬಗಳನ್ನು ಕಂಡಿದ್ದೇನೆ. ಹೆಚ್ಚಿನವರು ದೂರದ ಊರುಗಳಿಂದ ಬಂದವರು. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ, ಖಾಸಗಿ ಹೈಸ್ಕೂಲಿನ ಶಿಕ್ಷಕಿ. ಔಷಧ ಎಷ್ಟು, ಯಾವುದು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ನಮಗೆ ಏನಾಯಿತು, ಯಾವುದು ಉಪಯೋಗಕ್ಕೆ ಬಂತು ಎಂಬುದಷ್ಟೇ ಇಲ್ಲಿದೆ.

ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ. ಸ್ವಲ್ಪ ಅಡಿಕೆ ತೋಟವಿದೆ, ಪೇಟೆಯಲ್ಲಿ ದಿನಸಿ ಅಂಗಡಿಯಿದೆ. 2019ರ ಆರಂಭದಲ್ಲಿ ಅರಲಗೋಡು ಸುತ್ತಮುತ್ತ ಮಂಗನ ಕಾಯಿಲೆ ಹರಡಿ, ಜ್ವರ ಬಂದವರೆಲ್ಲ ರಕ್ತ ಪರೀಕ್ಷೆಗೆ ಓಡುತ್ತಿದ್ದ ಕಾಲ. ಇವರಿಗೂ ಜ್ವರ ಬಂತು. ಮಂಗನ ಕಾಯಿಲೆಯಲ್ಲ, ಡೆಂಗಿಯೂ ಅಲ್ಲ ಎಂದು ವರದಿ ಹೇಳಿತು, ಜ್ವರವೂ ಬಿಟ್ಟಿತು. ಆದರೆ ಪ್ಲೇಟ್‌ಲೆಟ್ ಸಂಖ್ಯೆ 80 ಸಾವಿರದ ಆಸುಪಾಸಿನಲ್ಲೇ ನಿಂತುಬಿಟ್ಟಿತು. ತಿಂಗಳು ಕಳೆದರೂ ಏರಲಿಲ್ಲ. ಶಿವಮೊಗ್ಗದ ವೈದ್ಯರೊಬ್ಬರು ಅನುಮಾನಪಟ್ಟು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರು. ಲಿವರಿನ ಮೇಲ್ಮೈ ಗಂಟುಗಂಟಾಗಿತ್ತು, ಗುಲ್ಮ (ಸ್ಪ್ಲೀನ್) ಊದಿಕೊಂಡಿತ್ತು. ಗಾಯದ ಕಲೆಗಳಿಂದ ಗಟ್ಟಿಯಾದ ಲಿವರಿನೊಳಗೆ ರಕ್ತ ಸರಾಗವಾಗಿ ಹರಿಯುವುದಿಲ್ಲ. ಹಿಂದೆ ಒತ್ತಡ ಹೆಚ್ಚುತ್ತದೆ, ಗುಲ್ಮ ದೊಡ್ಡದಾಗುತ್ತದೆ, ದೊಡ್ಡದಾದ ಗುಲ್ಮ ಪ್ಲೇಟ್‌ಲೆಟ್‌ಗಳನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಸಂಖ್ಯೆ ಕಡಿಮೆಯಾಗಿದ್ದುದಕ್ಕೆ ಜ್ವರ ಕಾರಣವೇ ಅಲ್ಲ ಎಂದು ಅಂದು ತಿಳಿಯಿತು.

ನನಗೆ ಹೆಚ್ಚು ಆಶ್ಚರ್ಯ ಹುಟ್ಟಿಸಿದ್ದು ರಕ್ತ ಪರೀಕ್ಷೆಯಲ್ಲಿ ನೋಡುವ ಲಿವರ್ ಎಂಜೈಮುಗಳಾದ ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಹೆಚ್ಚುಕಡಿಮೆ ಸರಿಯಾಗಿದ್ದದ್ದು. ಇವರಿಗೆ ಹತ್ತು ವರ್ಷಕ್ಕೂ ಹಳೆಯ ಸಕ್ಕರೆ ಕಾಯಿಲೆ. ಪ್ರತಿ ಸಲ ರಕ್ತ ಪರೀಕ್ಷೆಯಾದಾಗ ಲಿವರ್ ಸರಿಯಿದೆ ಎಂಬ ಮಾತೇ ಕೇಳಿದ್ದೆವು. ಆ ಎರಡು ಸಂಖ್ಯೆ ಸರಿಯಿದ್ದ ಮಾತ್ರಕ್ಕೆ ಸಿರೋಸಿಸ್ ಇಲ್ಲವೆಂದು ಅರ್ಥವಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಇರುವವರಿದ್ದರೆ, ಲಿವರಿನಲ್ಲಿ ಗಾಯದ ಕಲೆ ಎಷ್ಟಿರಬಹುದೆಂದು ಅಂದಾಜಿಸುವ ಫಿಬ್-4 ಅಂಕ ಎಷ್ಟಿದೆ ಎಂದು ವೈದ್ಯರನ್ನು ಕೇಳಿ. ವಯಸ್ಸು, ಪ್ಲೇಟ್‌ಲೆಟ್, ಆ ಎರಡು ಎಂಜೈಮುಗಳ ಸಂಖ್ಯೆ ಇದ್ದರೆ ಅಲ್ಲೇ ಲೆಕ್ಕ ಹಾಕಬಹುದು, ಬೇರೆ ಖರ್ಚಿಲ್ಲ. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಇವರಿಗೆ 26 ಕಿಲೋಪಾಸ್ಕಲ್ ತೋರಿಸಿತು. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ 7ಕ್ಕಿಂತ ಕೆಳಗಿರುತ್ತದೆ.

ಇವರು ಜೀವನದಲ್ಲಿ ಮದ್ಯ ಮುಟ್ಟಿದವರಲ್ಲ. ಹೆಪಟೈಟಿಸ್ ಬಿ, ಸಿ ಇರಲಿಲ್ಲ. ತಾಮ್ರ, ಕಬ್ಬಿಣ, ಸ್ವಯಂನಿರೋಧಕ ಕಾಯಿಲೆಗಳ ಪರೀಕ್ಷೆಗಳೂ ಆದವು. ಉಳಿದ ಕಾರಣ ಸಕ್ಕರೆ ಕಾಯಿಲೆಯ ಜೊತೆ ಬೆಳೆದ ಕೊಬ್ಬಿನ ಲಿವರ್. ಆದರೂ ಸಿರೋಸಿಸ್ ಎಂದ ಕೂಡಲೇ ಎದುರಿನವರ ಕಣ್ಣಿನಲ್ಲಿ ಒಂದೇ ಪ್ರಶ್ನೆ. ಬಂಧುಗಳು ನನ್ನನ್ನು ಅಡುಗೆಮನೆಗೆ ಕರೆದು, ಹೊರಗೆಲ್ಲಾದರೂ ಕುಡಿಯುತ್ತಿದ್ದರೇ ಎಂದು ಪಿಸುಗುಟ್ಟಿ ಕೇಳುತ್ತಿದ್ದರು. ಅದರ ನೋವನ್ನು ಇವರು ಯಾರ ಬಳಿಯೂ ಆಡಲಿಲ್ಲ. ಮದುವೆ ಮುಂಜಿಗಳಿಗೆ ಹೋಗುವುದನ್ನೇ ಕಡಿಮೆ ಮಾಡಿದರು. ಮುಂದೆ ಆಸ್ಪತ್ರೆಯಲ್ಲಿ ಕುಡಿತದಿಂದಲೇ ಕಾಯಿಲೆ ಬಂದವರ ಹೆಂಡತಿಯರ ಪಕ್ಕದಲ್ಲಿ ಕುಳಿತು ಮಾತನಾಡಿದ ಮೇಲೆ, ಈ ಪ್ರಶ್ನೆ ಅವರನ್ನು ನಮಗಿಂತ ಎಷ್ಟು ಹೆಚ್ಚು ಸುಡುತ್ತದೆ ಎಂದು ಕಂಡೆ. ಕಾಯಿಲೆ ಯಾವ ದಾರಿಯಿಂದ ಬಂದರೂ ರಾತ್ರಿ ಎದ್ದು ಕೂರುವ ಕೆಲಸ ಎಲ್ಲರಿಗೂ ಒಂದೇ.

ಬೆಂಗಳೂರಿನ ಲಿವರ್ ತಜ್ಞರು ಮೊದಲ ಭೇಟಿಯಲ್ಲೇ ಬಿಡಿಸಿ ಹೇಳಿದ ಮಾತು ನಮಗೆ ಕೊನೆಯವರೆಗೂ ದಾರಿ ತೋರಿಸಿತು. “ಈಗ ಲಿವರ್ ಗಾಯಗೊಂಡಿದ್ದರೂ ತನ್ನ ಕೆಲಸ ತೂಗಿಸಿಕೊಂಡು ಹೋಗುತ್ತಿದೆ. ಹೀಗೆಯೇ ಹತ್ತು ವರ್ಷಕ್ಕೂ ಹೆಚ್ಚು ಇರುವವರಿದ್ದಾರೆ. ಆದರೆ ಹೊಟ್ಟೆಯಲ್ಲಿ ನೀರು, ರಕ್ತವಾಂತಿ, ಮಂಪರು, ಕಾಮಾಲೆ, ಇವುಗಳಲ್ಲಿ ಒಂದು ಕಾಣಿಸಿಕೊಂಡರೂ ಕಾಯಿಲೆ ಬೇರೆ ಹಂತಕ್ಕೆ ಹೋಯಿತು ಎಂದು ತಿಳಿಯಿರಿ. ಆಮೇಲೆ ವರ್ಷಗಳ ಲೆಕ್ಕ ಬದಲಾಗುತ್ತದೆ. ಅದನ್ನು ನನಗಿಂತ ಮೊದಲು ನೋಡುವವರು ನೀವು.” ಆ ಎರಡನೆಯ ಹಂತವನ್ನೇ ವೈದ್ಯರು ಡಿಕಂಪನ್ಸೇಷನ್ ಎನ್ನುತ್ತಾರೆ. ಮನೆಯವರು ನೋಡಬೇಕಾದ್ದು ಏನೆಂದು ನಾನು ಅಂದೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ತೂಕ, ರಕ್ತದೊತ್ತಡ, ಮಲದ ಬಣ್ಣ, ನಿದ್ದೆಯ ಹೊತ್ತು.

ಮೊದಲ ಮೂರು ವರ್ಷ ಹೊರಗಿನವರ ಕಣ್ಣಿಗೆ ಇವರಿಗೆ ಏನೂ ಆಗಿರಲಿಲ್ಲ. ಬೆಳಿಗ್ಗೆ ಅಂಗಡಿ ತೆರೆಯುತ್ತಿದ್ದರು, ಕೊಯ್ಲಿನ ಕಾಲದಲ್ಲಿ ತೋಟದಲ್ಲಿ ನಿಲ್ಲುತ್ತಿದ್ದರು. ಆದರೂ ಮಾಡುವ ಕೆಲಸ ಬಹಳವಿತ್ತು. ಎಂಡೋಸ್ಕೋಪಿಯಲ್ಲಿ ಅನ್ನನಾಳದ ರಕ್ತನಾಳಗಳು ಸಣ್ಣದಾಗಿ ಉಬ್ಬಿರುವುದು ಕಂಡಿತು. ಆ ಒತ್ತಡ ತಗ್ಗಿಸಲು ಕಾರ್ವೆಡಿಲಾಲ್ ಮಾತ್ರೆ ಶುರುವಾಯಿತು. ಇದು ಬಿಪಿ ಮಾತ್ರೆಯೂ ಹೌದಾದ್ದರಿಂದ, ನನಗೆ ಬಿಪಿ ಇಲ್ಲವಲ್ಲ ಎಂದು ಬಿಟ್ಟುಬಿಡುವ ರೋಗಿಗಳಿದ್ದಾರೆ. ಬಿಡಬೇಡಿ. ಮೇಲಿನ ಸಂಖ್ಯೆ 90ಕ್ಕಿಂತ ಕೆಳಗಿಳಿದರೆ ಅಥವಾ ತಲೆ ಸುತ್ತಿದರೆ ವೈದ್ಯರಿಗೆ ತಿಳಿಸಿ. ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಆಗಲೇಬೇಕು. ಸಿರೋಸಿಸ್ ಇರುವ ಲಿವರಿನಲ್ಲಿ ಕ್ಯಾನ್ಸರ್ ಹುಟ್ಟುವ ಅಪಾಯವಿದೆ, ಚಿಕ್ಕದಿರುವಾಗ ಸಿಕ್ಕರೆ ಮಾತ್ರ ದಾರಿಗಳು ಹೆಚ್ಚು. ಹೆಪಟೈಟಿಸ್ ಬಿ, ನ್ಯುಮೋನಿಯಾ, ಫ್ಲೂ ಲಸಿಕೆಗಳು ಈ ಅವಧಿಯಲ್ಲೇ ಆದವು.

ಊರಿನಲ್ಲಿ ಲಿವರ್ ಕಾಯಿಲೆಗೆ ಔಷಧ ಹೇಳದವರೇ ಇಲ್ಲ. ನೆಲನೆಲ್ಲಿ ಕಷಾಯ, ಅಮೃತಬಳ್ಳಿ ರಸ, ಕಾಮಾಲೆಗೆ ಕೊಡುವ ನಾಟಿ ಮದ್ದು, ಹೀಗೆ ಪ್ರೀತಿಯಿಂದಲೇ ತಂದುಕೊಡುತ್ತಿದ್ದರು. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರಿಗೆ ಪೆಟ್ಟು ಬಿದ್ದ ಪ್ರಕರಣಗಳನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಉಳಿದಿರುವುದೇ ಅರ್ಧ ಲಿವರಿನ ಶಕ್ತಿ, ಅದರ ಮೇಲೆ ಏನನ್ನೂ ಪ್ರಯೋಗಿಸುವುದಿಲ್ಲ ಎಂದು ನಾನು ಕೈಮುಗಿದು ಹೇಳಿಬಿಟ್ಟೆ. ಕೆಲವರು ಮುನಿಸಿಕೊಂಡರು. ಅದೇ ರೀತಿ ನೋವಿನ ಮಾತ್ರೆಗಳು. ಸೊಂಟ ನೋವೆಂದು ಕ್ಲಿನಿಕ್ಕಿಗೆ ಹೋದರೆ ಡೈಕ್ಲೋಫೆನಾಕ್ ಇಂಜೆಕ್ಷನ್ ಸಿದ್ಧವಾಗಿರುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದವು ಸಿರೋಸಿಸ್ ರೋಗಿಯ ಮೂತ್ರಪಿಂಡಕ್ಕೆ ಅಪಾಯ, ರಕ್ತಸ್ರಾವಕ್ಕೂ ದಾರಿ. ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ ದಾಟದಂತೆ ಕೊಡಬಹುದೆಂದು ನಮ್ಮ ವೈದ್ಯರು ಹೇಳಿದ್ದರು. ಇವರ ಕಿಸೆಯಲ್ಲಿ ಸದಾ ಒಂದು ಚೀಟಿ ಇರುತ್ತಿತ್ತು: “ನನಗೆ ಸಿರೋಸಿಸ್ ಇದೆ. ನೋವಿನ ಇಂಜೆಕ್ಷನ್, ನಿದ್ದೆ ಮಾತ್ರೆ ಕೊಡಬೇಡಿ.” ಕೆಳಗೆ ನನ್ನ ಫೋನ್ ಸಂಖ್ಯೆ.

2022ರ ಮಳೆಗಾಲ ಮುಗಿಯುವ ಹೊತ್ತಿಗೆ ಬೆಲ್ಟಿನ ತೂತು ಒಂದು ಮುಂದಕ್ಕೆ ಹೋಯಿತು. ಕೈಕಾಲು ಸೊರಗುತ್ತಿದ್ದವು, ಹೊಟ್ಟೆ ಮಾತ್ರ ದಪ್ಪವಾಗುತ್ತಿತ್ತು. ಸಂಜೆಗೆ ಚಪ್ಪಲಿಯ ಪಟ್ಟಿ ಪಾದದಲ್ಲಿ ಅಚ್ಚು ಮೂಡಿಸುತ್ತಿತ್ತು. ನೋಟ್‌ಬುಕ್ಕಿನಲ್ಲಿ ತೂಕ ಒಂದೇ ವಾರಕ್ಕೆ ಎರಡು ಕಿಲೋ ಏರಿತ್ತು. ಊಟ ಹೆಚ್ಚಾಗಿರಲಿಲ್ಲ, ಹಾಗಾದರೆ ಅದು ನೀರೇ. ಸ್ಕ್ಯಾನ್ ಅದನ್ನೇ ಹೇಳಿತು. ಅಂದು ಸಂಜೆ ಮನೆಗೆ ಬರುವ ಬಸ್ಸಿನಲ್ಲಿ ಇಬ್ಬರೂ ಮಾತನಾಡಲಿಲ್ಲ. ವೈದ್ಯರು ಹೇಳಿದ್ದ ಎರಡನೆಯ ಹಂತ ಬಂದಾಯಿತು ಎಂದು ಇಬ್ಬರಿಗೂ ಗೊತ್ತಿತ್ತು.

ಮೂತ್ರ ಹೆಚ್ಚಿಸುವ ಸ್ಪೈರೋನೊಲ್ಯಾಕ್ಟೋನ್, ಫ್ಯೂರೋಸೆಮೈಡ್ ಮಾತ್ರೆಗಳು ಬಂದವು. ಜೊತೆಗೆ ಉಪ್ಪಿನ ಕಟ್ಟುಪಾಡು. ದಿನಕ್ಕೆ ಎಲ್ಲ ಸೇರಿ ಒಂದು ಚಮಚ, ಅಂದರೆ 5 ಗ್ರಾಮಿನೊಳಗೆ. ಮಲೆನಾಡಿನ ಮನೆಯಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸು, ಇವಿಲ್ಲದೆ ಇವರಿಗೆ ಅನ್ನ ಇಳಿಯುತ್ತಿರಲಿಲ್ಲ. ಇಡೀ ಮನೆಯ ಅಡುಗೆಯನ್ನೇ ಕಡಿಮೆ ಉಪ್ಪಿಗೆ ತಂದೆವು. ಲಿಂಬೆ, ಶುಂಠಿ, ಜೀರಿಗೆ, ಕಾಳುಮೆಣಸು, ಒಂದೆಲಗದ ತಂಬುಳಿಯಿಂದ ರುಚಿ ಕಟ್ಟಿದೆ. ಎರಡು ಎಚ್ಚರಿಕೆಗಳನ್ನು ಇಲ್ಲಿ ಹೇಳಲೇಬೇಕು. ಸೈಂಧವ ಲವಣ ತಿನ್ನಬಹುದು ಎಂದು ಹಲವರು ಹೇಳುತ್ತಾರೆ. ಅದರಲ್ಲಿರುವುದೂ ಸೋಡಿಯಮ್ಮೇ, ಲೆಕ್ಕ ಒಂದೇ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಸ್ಪೈರೋನೊಲ್ಯಾಕ್ಟೋನ್ ತೆಗೆದುಕೊಳ್ಳುವವರಲ್ಲಿ ಪೊಟ್ಯಾಸಿಯಂ ಮೊದಲೇ ಏರುವ ಸಂಭವವಿದ್ದು, ಹೃದಯದ ಬಡಿತಕ್ಕೇ ತೊಂದರೆಯಾಗಬಹುದು. ಎಳನೀರಿನ ಬಗ್ಗೆಯೂ ಕೇಳಿಕೊಂಡೇ ಕುಡಿಯಿರಿ.

ಪಥ್ಯದ ಹೆಸರಿನಲ್ಲಿ ಬರೀ ಗಂಜಿ ಕೊಡುವವರನ್ನು ಕಂಡು ನನಗೆ ಸಂಕಟವಾಗುತ್ತಿತ್ತು. ಸಿರೋಸಿಸ್ ರೋಗಿಯ ಸ್ನಾಯು ಬೇಗ ಕರಗುತ್ತದೆ. ನಮ್ಮ ಆಹಾರತಜ್ಞೆ ಕೊಟ್ಟ ಲೆಕ್ಕ ದೇಹದ ತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್. ಹೆಸರುಕಾಳು, ಕಡಲೆ, ಮೊಸರು, ಪನೀರ್, ಸೋಯಾದಲ್ಲಿ ಅದನ್ನು ತುಂಬಿಸುತ್ತಿದ್ದೆ. ರಾತ್ರಿ ಮಲಗುವ ಮೊದಲು ಏನಾದರೂ ತಿನ್ನಲೇಬೇಕು. ಗಾಯಗೊಂಡ ಲಿವರ್ ಶಕ್ತಿಯನ್ನು ಕೂಡಿಡಲಾರದು, ರಾತ್ರಿಯ ಉಪವಾಸದಲ್ಲೇ ದೇಹ ಸ್ನಾಯುವನ್ನು ಕರಗಿಸಲು ಶುರುಮಾಡುತ್ತದೆ. ಹತ್ತು ಗಂಟೆಗೆ ಮೊಸರವಲಕ್ಕಿ ಅಥವಾ ರಾಗಿ ಅಂಬಲಿ ಕೊನೆಯವರೆಗೂ ತಪ್ಪಲಿಲ್ಲ. ಏಕಾದಶಿ, ಸಂಕಷ್ಟಿಯ ಉಪವಾಸಗಳನ್ನು ನಮ್ಮ ಪುರೋಹಿತರೇ ಬಿಡಿಸಿದರು.

ಮಾತ್ರೆ ಸಾಲದೆ ಹೋದಾಗ ಸೂಜಿ ಹಾಕಿ ಹೊಟ್ಟೆಯ ನೀರು ತೆಗೆಯುತ್ತಾರೆ. 5 ಲೀಟರಿಗಿಂತ ಹೆಚ್ಚು ತೆಗೆದರೆ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನನ್ನು ನಾಳದ ಮೂಲಕ ಕೊಡಬೇಕಾಗುತ್ತದೆ, ಪ್ರತಿ ಲೀಟರಿಗೆ ಸುಮಾರು 8 ಗ್ರಾಂ. 20 ಗ್ರಾಮಿನ ಒಂದು ಬಾಟಲಿಗೆ ನಾವು ನಾಲ್ಕೈದು ಸಾವಿರ ರೂಪಾಯಿ ಕೊಟ್ಟಿದ್ದೇವೆ. ಒಂದೇ ಬೀದಿಯ ಎರಡು ಔಷಧದಂಗಡಿಗಳಲ್ಲಿ ಬೆಲೆ ಬೇರೆಬೇರೆ ಇರುತ್ತಿತ್ತು, ವಿಚಾರಿಸಿಕೊಳ್ಳಿ. ತೆಗೆದ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿದರೇ ಎಂದು ಪ್ರತಿ ಸಲ ಕೇಳಿ. ಒಮ್ಮೆ ಇವರಿಗೆ ಜ್ವರವೂ ಇರಲಿಲ್ಲ, ಹೊಟ್ಟೆನೋವೂ ಇರಲಿಲ್ಲ, ಬರೀ ಸುಸ್ತು. ನೀರಿನಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು 250ಕ್ಕಿಂತ ಬಹಳ ಮೇಲಿದ್ದವು, ಅಂದರೆ ಸೋಂಕು ಆಗಲೇ ಇತ್ತು. ಅಂದೇ ಆಂಟಿಬಯಾಟಿಕ್ ಶುರುವಾದ್ದರಿಂದ ಮೂತ್ರಪಿಂಡ ಉಳಿಯಿತು.

ರಕ್ತವಾಂತಿಯಾದದ್ದು 2023ರ ಒಂದು ರಾತ್ರಿ. ಅದರ ಹಿಂದಿನ ದಿನ ಮಲ ಟಾರಿನಂತೆ ಕಪ್ಪಾಗಿತ್ತು. ಅದನ್ನು ನೋಡಿಯೇ ಶಿವಮೊಗ್ಗಕ್ಕೆ ಹೊರಡಲು ಚೀಲ ಕಟ್ಟಿಟ್ಟಿದ್ದೆವು. ವಾಂತಿ ಅದಕ್ಕೂ ಮೊದಲೇ ಬಂತು. 108 ಆಂಬುಲೆನ್ಸಿನಲ್ಲಿ ಎಪ್ಪತ್ತು ಕಿಲೋಮೀಟರ್ ದಾರಿ. ಮಗ ಮುಂದೆ ಕುಳಿತು ಆಸ್ಪತ್ರೆಗೆ ಫೋನು ಮಾಡುತ್ತಿದ್ದ, ನಾನು ಇವರನ್ನು ಎಡಮಗ್ಗುಲಿಗೆ ಮಲಗಿಸಿ ಹಿಡಿದುಕೊಂಡಿದ್ದೆ. ಉಸಿರಿನ ಸದ್ದನ್ನು ಅಷ್ಟು ಗಮನವಿಟ್ಟು ನಾನು ಎಂದೂ ಕೇಳಿರಲಿಲ್ಲ. ಆಸ್ಪತ್ರೆಯಲ್ಲಿ ರಕ್ತನಾಳದ ಒತ್ತಡ ಇಳಿಸುವ ಇಂಜೆಕ್ಷನ್, ಆಂಟಿಬಯಾಟಿಕ್, ರಕ್ತ ಕೊಟ್ಟು, ಬೆಳಗಾಗುವುದರೊಳಗೆ ಎಂಡೋಸ್ಕೋಪಿ ಮಾಡಿ ಉಬ್ಬಿದ ನಾಳಗಳಿಗೆ ರಬ್ಬರ್ ಬ್ಯಾಂಡ್ ಬಿಗಿದರು. ಆ ನಾಳಗಳು ಪೂರ್ತಿ ಮುಚ್ಚುವವರೆಗೆ ಕೆಲವು ವಾರಗಳಿಗೊಮ್ಮೆ ಮತ್ತೆಮತ್ತೆ ಬ್ಯಾಂಡ್ ಹಾಕಿಸಬೇಕು. ರಕ್ತ ನಿಂತಿತಲ್ಲ ಎಂದು ಊರಿಗೆ ಹೋಗಿ ತಿರುಗಿ ಬಾರದವರ ಕಥೆಗಳನ್ನು ನರ್ಸ್ ಒಬ್ಬರು ಹೇಳಿದರು.

ವಿಮೆಯ ತೊಡಕು ಶುರುವಾದದ್ದು ಇಲ್ಲಿಂದ. ತುರ್ತು ವಿಭಾಗದಲ್ಲಿ ಸೇರಿಸಿಕೊಳ್ಳುವಾಗ ಯಾರೋ ಕೇಸ್ ಶೀಟಿನಲ್ಲಿ ಕಾರಣದ ಜಾಗದಲ್ಲಿ ಮದ್ಯಪಾನ ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಯಾರೂ ನಮ್ಮನ್ನು ಕೇಳಿರಲಿಲ್ಲ. ಮದ್ಯಪಾನದಿಂದ ಬಂದ ಕಾಯಿಲೆಗೆ ಹಣ ಕೊಡುವುದಿಲ್ಲವೆಂಬ ಷರತ್ತು ತೋರಿಸಿ ವಿಮಾ ಕಂಪನಿ ನಗದುರಹಿತ ಸೌಲಭ್ಯ ನಿರಾಕರಿಸಿತು. ಪೂರ್ತಿ ಬಿಲ್ಲು ನಾವೇ ಕಟ್ಟಿ ಬಿಡಿಸಿಕೊಂಡು ಬರಬೇಕಾಯಿತು. ಆಮೇಲೆ ಬೆಂಗಳೂರಿನ ತಜ್ಞರಿಂದ ಕಾಯಿಲೆಯ ಕಾರಣ ವಿವರಿಸಿದ ಪತ್ರ, 2019ರ ಪರೀಕ್ಷಾ ವರದಿಗಳು, ಕೇಸ್ ಶೀಟಿನ ತಿದ್ದುಪಡಿ, ಎಲ್ಲವನ್ನೂ ಕೂಡಿಸಿ ಕಳಿಸಬೇಕಾಯಿತು. ಬಿಡುಗಡೆಗೆ ಮೊದಲೇ ಡಿಸ್ಚಾರ್ಜ್ ಸಾರಾಂಶದ ಕರಡನ್ನು ಕೇಳಿ ಪಡೆದು ಓದಿ. ಕಾರಣದ ಸಾಲು, ಕಾಯಿಲೆ ಮೊದಲು ಗೊತ್ತಾದ ವರ್ಷ, ಹೆಸರಿನ ಅಕ್ಷರ, ಮೂರನ್ನೂ ಅಲ್ಲೇ ಸರಿಪಡಿಸಿಕೊಳ್ಳಿ. ಮನೆಗೆ ಬಂದ ಮೇಲೆ ಒಂದು ಪದ ಬದಲಿಸಲು ತಿಂಗಳುಗಳು ಬೇಕು.

2024ರಲ್ಲಿ ಇವರ ಬುದ್ಧಿ ಮಸುಕಾಗತೊಡಗಿದ್ದನ್ನು ಮೊದಲು ಹೇಳಿದ್ದು ಅಂಗಡಿಯ ಲೆಕ್ಕದ ಪುಸ್ತಕ. ಮೂವತ್ತು ವರ್ಷದಿಂದ ಒಂದೇ ಅಳತೆಯಲ್ಲಿ ಬರೆಯುತ್ತಿದ್ದ ಅಂಕಿಗಳು ಗೆರೆ ಬಿಟ್ಟು ಇಳಿಯುತ್ತಿದ್ದವು, ಕೂಡಿಸಿದ್ದು ತಪ್ಪುತ್ತಿತ್ತು. ಹಗಲೆಲ್ಲ ತೂಕಡಿಸುವರು, ರಾತ್ರಿ ಎದ್ದು ಕೂರುವರು. ಗಿರಾಕಿಗೆ ಚಿಲ್ಲರೆ ಕೊಡುವಾಗ ತಡವರಿಸುವರು. ವಯಸ್ಸಾಯಿತು, ಚಿಂತೆ ಎಂದು ಎಲ್ಲರೂ ಸಮಾಧಾನ ಹೇಳುತ್ತಿದ್ದರು. ವೈದ್ಯರು ಕೈಗಳನ್ನು ಮುಂದೆ ಚಾಚಿ ಅಂಗೈ ಹಿಂದಕ್ಕೆ ಬಾಗಿಸಲು ಹೇಳಿದಾಗ ಮಣಿಕಟ್ಟು ನಿಲ್ಲದೆ ಪಟಪಟನೆ ಅದುರಿತು. ಕರುಳಿನಲ್ಲಿ ಹುಟ್ಟುವ ಅಮೋನಿಯಾವನ್ನು ಲಿವರ್ ಶುದ್ಧಿ ಮಾಡಲಾರದೆ ಅದು ಮೆದುಳಿಗೆ ತಲುಪುತ್ತದೆ. ಮಲಬದ್ಧತೆ, ಸೋಂಕು, ರಕ್ತಸ್ರಾವ, ಅತಿಯಾಗಿ ಮೂತ್ರ ಹೋಗಿ ದೇಹ ಒಣಗುವುದು, ನಿದ್ದೆ ಮಾತ್ರೆ, ಯಾವುದಾದರೊಂದು ಇದನ್ನು ಕೆರಳಿಸುತ್ತದೆ. ಇವರಿಗೆ ಕೆರಳಿಸಿದ್ದು ಮೂತ್ರದ ಸೋಂಕು. ಒಂದು ಬೆಳಗಿನ ಜಾವ ಬಚ್ಚಲು ಎಲ್ಲಿದೆಯೆಂದು ತಿಳಿಯದೆ ಕೋಣೆಯ ಮೂಲೆಯಲ್ಲಿ ನಿಂತಿದ್ದರು. ಮಗನನ್ನು ಗುರುತಿಸದೆ ಗದರಿದರು. ಅಪ್ಪ ತನ್ನನ್ನು ಹಾಗೆ ನೋಡಿದ್ದನ್ನು ಮಗ ಇಂದಿಗೂ ಮರೆತಿಲ್ಲ. ಗಾಳಿ ಸೋಕಿದೆ, ತಾಯತ ಕಟ್ಟಿಸಿ ಎಂದ ಹಿರಿಯರಿದ್ದರು. ನಾವು ಕಾರು ಹತ್ತಿಸಿದೆವು.

ಅಮೋನಿಯಾವನ್ನು ಮಲದ ಮೂಲಕ ಹೊರಹಾಕಲು ಕೊಡುವ ಲ್ಯಾಕ್ಟುಲೋಸ್ ಸಿರಪ್ಪಿನ ವಿಷಯದಲ್ಲಿ ಅಳತೆ ಬಾಟಲಿಯ ಮೇಲಿಲ್ಲ, ಮಲದಲ್ಲಿದೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೋಗಬೇಕು. ಕಡಿಮೆಯಾದರೆ ಹೆಚ್ಚಿಸಬೇಕು, ನೀರಾಗಿ ಹೋದರೆ ತಗ್ಗಿಸಬೇಕು. ಜೊತೆಗೆ ಕರುಳಿನಲ್ಲಿ ಕೆಲಸ ಮಾಡುವ ಆಂಟಿಬಯಾಟಿಕ್ ರಿಫಾಕ್ಸಿಮಿನ್ ಮಾತ್ರೆ, ಅದೊಂದಕ್ಕೇ ತಿಂಗಳಿಗೆ ಎರಡು ಸಾವಿರಕ್ಕೂ ಮೇಲೆ. ಮನೆಯಲ್ಲಿ ಪರೀಕ್ಷಿಸಲು ವೈದ್ಯರು ಒಂದು ವಿಧಾನ ಕಲಿಸಿದರು. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತಾರೆ ಎಂದು ಎಣಿಸುವುದು. ಹತ್ತು ದಾಟದಿದ್ದರೆ ಫೋನು ಮಾಡಿ ಎಂದಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಗಡಿಯಾರ ಹಿಡಿದು ಕೂರುತ್ತಿದ್ದೆ. ಮೊದಮೊದಲು ಇವರಿಗೆ ಅವಮಾನವೆನಿಸಿತು. ಆಮೇಲೆ ಕಾಡುಕೋಣ, ಕಬ್ಬೆಕ್ಕು, ಕೆಂಜಳಿಲು ಎಂದು ಕಾಡನ್ನೇ ನೆನೆಸಿಕೊಂಡು ಹೇಳುತ್ತಿದ್ದರು. ಬೈಕು, ಕಾರು ಓಡಿಸುವುದನ್ನು ಅಂದೇ ನಿಲ್ಲಿಸಬೇಕು, ಇದರಲ್ಲಿ ರಾಜಿ ಬೇಡ.

ಆ ಹೊತ್ತಿಗೆ ಲಿವರ್ ಕಾಯಿಲೆ ಎಷ್ಟು ತೀವ್ರವೆಂದು ಹೇಳುವ ಮೆಲ್ಡ್ ಅಂಕ 19 ತಲುಪಿತ್ತು. ಬಿಲಿರುಬಿನ್, ಕ್ರಿಯಾಟಿನಿನ್, ಐಎನ್‌ಆರ್ ಮತ್ತು ಸೋಡಿಯಂ ಸೇರಿಸಿ ಲೆಕ್ಕ ಹಾಕುವ ಈ ಅಂಕ 15 ದಾಟಿದರೆ ಕಸಿಯ ಮಾತು ಶುರುವಾಗುತ್ತದೆ. ನಮ್ಮ ರಾಜ್ಯದಲ್ಲಿ ಮೃತರ ಅಂಗಾಂಗ ಹಂಚಿಕೆ ನಡೆಸುವುದು ‘ಜೀವಸಾರ್ಥಕತೆ’. ಆಸ್ಪತ್ರೆಯ ಮೂಲಕ ಅಲ್ಲಿ ಹೆಸರು ನೋಂದಾಯಿಸಿದೆವು. ಯಾವಾಗ ಸಿಗುತ್ತದೆ ಎಂದು ಯಾರೂ ಹೇಳಲಾರರು. ಕಾಯುತ್ತಲೇ ಮನೆಯೊಳಗೆ ದಾನಿಯನ್ನು ಹುಡುಕಿದೆವು. ಇವರದು ಓ ಗುಂಪಿನ ರಕ್ತ, ನನ್ನದು ಎ, ಮಗನದೂ ಎ. ಗುಂಪು ಹೊಂದದಿದ್ದರೂ ಕಸಿ ಮಾಡುವ ವಿಧಾನವಿದೆ, ಆದರೆ ಖರ್ಚೂ ತೊಡಕೂ ಹೆಚ್ಚು. ಓ ಗುಂಪಿನವನೆಂದರೆ ಮೈದುನ.

ನಾವು ಕೇಳಲಿಲ್ಲ, ಅವನೇ ಮುಂದೆ ಬಂದ. ಆದರೆ ಅವನಿಗೆ ಹೆಂಡತಿ, ಓದುವ ಮಕ್ಕಳಿದ್ದಾರೆ. ಓರಗಿತ್ತಿ ನನ್ನ ಬಳಿ ಕುಳಿತು, “ಅಕ್ಕಾ, ಭಾವನವರು ಉಳಿಯಬೇಕು ಎಂದು ನನಗೂ ಇದೆ. ಇವರಿಗೇನಾದರೂ ಆದರೆ ನಾನು ಏನು ಮಾಡಲಿ?” ಎಂದಳು. ಅದಕ್ಕೆ ಉತ್ತರ ಕೊಡುವ ಹಕ್ಕು ನನಗಿರಲಿಲ್ಲ. ಅವಳನ್ನೂ ಮೈದುನನನ್ನೂ ನಮ್ಮನ್ನು ಬಿಟ್ಟು ಶಸ್ತ್ರಚಿಕಿತ್ಸಕರ ಬಳಿ ಕಳಿಸಿದೆ. ಬಲಭಾಗ ಕೊಡುವ ದಾನಿಗಳಲ್ಲಿ ಸಾವಿನ ಅಪಾಯ ಸಾವಿರಕ್ಕೆ ಎರಡರಿಂದ ಐದು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರಂತೆ. ಉಳಿದ ಲಿವರ್ ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ಬೆಳೆಯುತ್ತದೆ ಎಂಬುದನ್ನೂ, ಕೊನೆಯ ಗಳಿಗೆಯವರೆಗೂ ದಾನಿ ಹಿಂದೆ ಸರಿಯಬಹುದು, ಆಗ ವೈದ್ಯಕೀಯವಾಗಿ ಹೊಂದಲಿಲ್ಲ ಎಂದಷ್ಟೇ ಆಸ್ಪತ್ರೆ ಕುಟುಂಬಕ್ಕೆ ತಿಳಿಸುತ್ತದೆ ಎಂಬುದನ್ನೂ ಹೇಳಿದರು. ಅವಳು ಯೋಚಿಸಲು ಸಮಯ ಕೇಳಿದಳು. ಆ ವಾರಗಳಲ್ಲಿ ಮನೆಯಲ್ಲಿ ಯಾರೂ ಆ ವಿಷಯ ಎತ್ತಬಾರದೆಂದು ನಾನು ಅತ್ತೆಯವರಿಗೂ ಹೇಳಿದ್ದೆ. ದಾನಿಯ ಮನೆಯವರ ಮೇಲೆ ಒತ್ತಡ ಹಾಕಬೇಡಿ ಎಂದು ಬೇಡಿಕೊಳ್ಳುತ್ತೇನೆ. ಒಪ್ಪಿಗೆ ಅವಳಿಂದಲೇ ಬಂತು, ಯಾರೂ ಕೇಳದಿದ್ದ ದಿನ.

ಮೈದುನನ ಸಿಟಿ ಸ್ಕ್ಯಾನಿನಲ್ಲಿ ಲಿವರಿನಲ್ಲಿ ಕೊಬ್ಬು ಕಂಡಿತು. ತೂಕ ಇಳಿಸಿ ಬನ್ನಿ ಎಂದರು. ನಸುಕಿನಲ್ಲೆದ್ದು ಇಕ್ಕೇರಿ ರಸ್ತೆಯಲ್ಲಿ ನಡೆದ, ಅನ್ನ ಬಿಟ್ಟ, ಸಿಹಿ ಬಿಟ್ಟ. ಆ ಎರಡು ಮೂರು ತಿಂಗಳು ನನಗೆ ಎಲ್ಲಕ್ಕಿಂತ ಭಾರವಾಗಿದ್ದವು. ಒಂದು ಕಡೆ ಅವನ ತೂಕ ಇಳಿಯಬೇಕು, ಇನ್ನೊಂದು ಕಡೆ ಇವರ ಅಂಕ ಏರುವುದರೊಳಗೆ ಇಳಿಯಬೇಕು.

ಆ ಕಾಯುವಿಕೆಯಲ್ಲೇ ಕಾಗದಪತ್ರ ಮಾಡಿಸಿದೆವು. 1994ರ ಅಂಗಾಂಗ ಕಸಿ ಕಾಯ್ದೆ ಮತ್ತು 2014ರ ನಿಯಮಗಳ ಪ್ರಕಾರ ಒಡಹುಟ್ಟಿದವರು ಹತ್ತಿರದ ಸಂಬಂಧಿಗಳು, ಹಾಗಾಗಿ ಪ್ರಕ್ರಿಯೆ ಸ್ವಲ್ಪ ಸರಳ. ದಾನಿಯ ಒಪ್ಪಿಗೆಗೆ ನಮೂನೆ 1 (ಗಂಡ ಹೆಂಡತಿಯಾದರೆ ನಮೂನೆ 2), ಇಬ್ಬರೂ ಸೇರಿ ಸಲ್ಲಿಸುವ ಅರ್ಜಿಗೆ ನಮೂನೆ 11. ಅವುಗಳ ಜೊತೆ ಆಧಾರ್, ಪಡಿತರ ಚೀಟಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಮದುವೆಯ ದಾಖಲೆ, ಕುಟುಂಬದ ಹಳೆಯ ಫೋಟೋಗಳು, ನೋಟರಿ ಪ್ರಮಾಣಪತ್ರ, ವಂಶವೃಕ್ಷ ಕೇಳಿದರು. ಅಡ್ಡ ಬಂದದ್ದು ಮಾವನವರ ಹೆಸರು. ಅಣ್ಣನ ಅಂಕಪಟ್ಟಿಯಲ್ಲಿ ಒಂದು ರೀತಿ, ತಮ್ಮನದರಲ್ಲಿ ಇನ್ನೊಂದು ರೀತಿ, ಪಹಣಿಯಲ್ಲಿ ಮೂರನೆಯ ರೀತಿ. ಮೂವರೂ ಒಬ್ಬರೇ ಎಂದು ಪ್ರಮಾಣಪತ್ರ ಮಾಡಿಸಿ, ನಾಡಕಚೇರಿಯಲ್ಲಿ ಅರ್ಜಿ ಹಾಕಿ, ಗ್ರಾಮ ಆಡಳಿತ ಅಧಿಕಾರಿಯ ವರದಿಗೆ ಕಾದು ವಂಶವೃಕ್ಷ ಪಡೆಯುವ ಹೊತ್ತಿಗೆ ತಿಂಗಳು ಸರಿಯಿತು. ದಾಖಲೆಯಿಂದ ಸಂಬಂಧ ಖಚಿತವಾಗದಿದ್ದರೆ ಅನುವಂಶಿಕ ಪರೀಕ್ಷೆ ಮಾಡಿಸುತ್ತಾರೆ. ಕಸಿಗೆ ಅನುಮತಿ ಕೊಡುವ ಸಮಿತಿಯ ಸಂದರ್ಶನವನ್ನು ವಿಡಿಯೋ ಚಿತ್ರೀಕರಿಸುತ್ತಾರೆ, ಹಣ ಪಡೆದಿದ್ದೀರಾ, ಬಲವಂತವಿದೆಯೇ ಎಂದು ದಾನಿಯನ್ನು ಪ್ರತ್ಯೇಕವಾಗಿ ಕೇಳುತ್ತಾರೆ. ದಾನಿ ಮಹಿಳೆಯಾದರೆ ಇನ್ನಷ್ಟು ಎಚ್ಚರ ವಹಿಸಬೇಕೆಂದು ನಿಯಮವೇ ಹೇಳುತ್ತದೆ. ಸಿರೋಸಿಸ್ ಇದೆಯೆಂದು ತಿಳಿದ ವರ್ಷವೇ ಮನೆಯವರೆಲ್ಲರ ರಕ್ತದ ಗುಂಪು ಬರೆದಿಟ್ಟು, ಹೆಸರಿನ ವ್ಯತ್ಯಾಸಗಳನ್ನು ಸರಿಪಡಿಸಿಡಿ. ರೋಗಿ ಚೆನ್ನಾಗಿರುವಾಗ ನಾಡಕಚೇರಿಯ ಸರತಿ ಅಷ್ಟು ಉದ್ದವೆನಿಸುವುದಿಲ್ಲ.

ಆಸ್ಪತ್ರೆ ಹೇಳಿದ ಪ್ಯಾಕೇಜ್ 22 ಲಕ್ಷ. ಪರೀಕ್ಷೆಗಳು, ಬೆಂಗಳೂರಿನ ಬಾಡಿಗೆ ಮನೆ, ಪ್ಯಾಕೇಜಿನ ಹೊರಗಿನ ಔಷಧ ಸೇರಿ 30 ಲಕ್ಷದ ಹತ್ತಿರ ಹೋಯಿತು. ಬಿಪಿಎಲ್ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಕಸಿಗೆ ಸರ್ಕಾರದ ನೆರವಿದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ಆದ ಗ್ಯಾಸ್ಟ್ರೋಎಂಟರಾಲಜಿ ಮತ್ತು ಅಂಗಾಂಗ ಕಸಿ ಸಂಸ್ಥೆಯಿದೆ. ಅರ್ಹರಿರುವವರು ಮೊದಲು ಅಲ್ಲಿ ವಿಚಾರಿಸಿ. ನಮ್ಮದು ಎಪಿಎಲ್ ಕಾರ್ಡು. ದಾಸ್ತಾನಿದ್ದ ಅಡಿಕೆ ಮಾರಿದೆವು, ಸೊಸೈಟಿಯಲ್ಲಿ ಸಾಲ ಮಾಡಿದೆವು, ನನ್ನ ಒಡವೆ ಅಡವಿಟ್ಟೆವು.

ಶಸ್ತ್ರಚಿಕಿತ್ಸೆಯ ದಿನದ ಬಗ್ಗೆ ಹೇಳಲು ನನ್ನ ಬಳಿ ಹೆಚ್ಚಿಲ್ಲ. ನಸುಕಿನಲ್ಲಿ ಮೊದಲು ಮೈದುನನನ್ನು, ಆಮೇಲೆ ಇವರನ್ನು ಒಳಗೆ ಕರೆದೊಯ್ದರು. ಓರಗಿತ್ತಿಯೂ ನಾನೂ ರಾತ್ರಿಯವರೆಗೆ ಕೈ ಹಿಡಿದು ಕುಳಿತಿದ್ದೆವು. ಮೊದಲು ಬಂದದ್ದು ಮೈದುನನ ಸುದ್ದಿ. ಅವನು ಕ್ಷೇಮ ಎಂದು ಕೇಳಿದ ಮೇಲೆಯೇ ನಾನು ಅತ್ತದ್ದು.

ಕಸಿಯಾದ ಕೂಡಲೇ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ದೇಹ ಹೊಸ ಲಿವರನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ಮಾತ್ರೆ ಹನ್ನೆರಡು ಗಂಟೆಗೊಮ್ಮೆ, ಜೀವನಪೂರ್ತಿ. ರಕ್ತದಲ್ಲಿ ಅದರ ಮಟ್ಟ ನೋಡುವ ದಿನ ಬೆಳಗಿನ ಮಾತ್ರೆ ನುಂಗುವ ಮೊದಲೇ ರಕ್ತ ಕೊಡಬೇಕು. ಚಕ್ಕೋತ ಹಣ್ಣು ಆ ಔಷಧದ ಮಟ್ಟವನ್ನು ಏರುಪೇರು ಮಾಡುತ್ತದೆ, ಹಿತ್ತಿಲಿನ ಮರದ ಹಣ್ಣೆಲ್ಲ ನೆರೆಮನೆಗೆ ಹೋಗುತ್ತಿದೆ. ಸಕ್ಕರೆ ಕಾಯಿಲೆ ಇನ್ನೂ ಇದೆ, ಹೊಸ ಲಿವರಿನಲ್ಲೂ ಕೊಬ್ಬು ಕೂರಬಹುದು, ಆದ್ದರಿಂದ ತೂಕದ ನೋಟ್‌ಬುಕ್ ಮುಂದುವರಿದಿದೆ. ಔಷಧಕ್ಕೆ ತಿಂಗಳಿಗೆ ಸುಮಾರು 15 ಸಾವಿರ ಆಗುತ್ತಿದೆ, ಬರುಬರುತ್ತಾ ಇಳಿಯುತ್ತದೆ ಎಂದಿದ್ದಾರೆ. ಮೈದುನ ಭಾರ ಎತ್ತುವಂತಿಲ್ಲ, ಈ ಸಲದ ಕೊಯ್ಲಿಗೆ ಆಳುಗಳನ್ನೇ ನಂಬಿದ್ದೇವೆ.

ವಿಮಾ ಕಂಪನಿ ಕಸಿಯ ಹಣದಲ್ಲಿ ನಮ್ಮ ಮಿತಿಯಷ್ಟನ್ನು ಕೊಟ್ಟಿತು. ದಾನಿಯ ಶಸ್ತ್ರಚಿಕಿತ್ಸೆಯ ವೆಚ್ಚವೂ ಪಾಲಿಸಿಯೊಳಗೆ ಸೇರುತ್ತದೆಯೇ ಎಂದು ನಿಮ್ಮ ಪಾಲಿಸಿಯಲ್ಲಿ ಹುಡುಕಿ ನೋಡಿ, ನಮ್ಮದರಲ್ಲಿತ್ತು. 2023ರ ರಕ್ತಸ್ರಾವದ ಬಿಲ್ಲು ಮಾತ್ರ ಇನ್ನೂ ಬಂದಿಲ್ಲ. ಕಂಪನಿಯ ದೂರು ವಿಭಾಗದ ಉತ್ತರ ತೃಪ್ತಿಕರವಾಗಿರಲಿಲ್ಲವಾದ್ದರಿಂದ, ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಓಂಬಡ್ಸ್‌ಮನ್ ಕಚೇರಿಗೆ ಅರ್ಜಿ ಹಾಕಿದ್ದೇವೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ಕಂಪನಿಯ ಕೊನೆಯ ಉತ್ತರ ಬಂದ ಒಂದು ವರ್ಷದೊಳಗೆ ಹಾಕಬೇಕು, ಹಾಗಾಗಿ ಆ ಪತ್ರ ಬಂದ ಲಕೋಟೆಯನ್ನೂ ದಿನಾಂಕದೊಂದಿಗೆ ಎತ್ತಿಡಿ.